ತಿಪ್ಪನ ಐದು ಮನೆ ಬಟ್ಟೆ

ನಿಮಗೆ ಹೀಗೆ ಆಗಿದೆಯಾ, ಹೇಳಿ. ನಿಮ್ಮ ಮನೆಯದೇ ಒಂದು ಫೋಟೊ, ಆದರೆ ನೀವು ತೆಗೆಸಿದ್ದಲ್ಲ, ಯಾರೋ ಹೊರಗಿನವರು ತೆಗೆದದ್ದು. ಜಗಲಿ ನಿಮ್ಮದೇ, ಮಗುವೂ ನಿಮ್ಮದೇ. ಅದರ ಕೆಳಗೆ ಬರೆದಿದ್ದನ್ನು ಓದಿದರೆ ಮಾತ್ರ ಇದ್ಯಾರ ಮನೆಯಪ್ಪಾ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಆಗಿದೆ. ಮೂವತ್ತು ವರ್ಷದಿಂದ ನಾನು ಯಾರಿಗೂ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ, ಬೈಯುವವರು ಕೊನೆಯವರೆಗೆ ಓದಿ ಆಮೇಲೆ ಬೈಯಿರಿ.

ಆಗಿನ ಕಾಲಕ್ಕೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಮಕ್ಕಳಾಗಿದ್ದ ನಮಗೆಲ್ಲ ಫಾರಿನ್ನವರು ಅಂದರೆ ಒಂದು ಆಟ. ದರಿಯಾ ದೌಲತ್ ಗೇಟಿನ ಹತ್ತಿರ ಬಸ್ಸು ನಿಂತು ಬಿಳಿ ಮೊಕದವರು ಇಳಿದರೆ ಸಾಕು, ಕುಂಟೆಬಿಲ್ಲೆ ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆವು. ಅವರಿಂದ ಒಂಥರಾ ಸೊಳ್ಳೆ ಮುಲಾಮಿನ ವಾಸನೆ ಬರುತ್ತಿತ್ತು. ನಮ್ಮೂರ ನೀರು ಮುಟ್ಟುತ್ತಿರಲಿಲ್ಲ, ಬಾಟಲಿಯಿಂದ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಗೇಟಿನ ಹುಡುಗರು ನಮಗೆ ನಾಲ್ಕೇ ನಾಲ್ಕು ಪದದ ಇಂಗ್ಲಿಷ್ ಕಲಿಸಿದ್ದರು. ಹಲೋ, ಫೋಟೊ, ಪೂರ್, ಪೆನ್. ಈ ಕ್ರಮದಲ್ಲೇ ಹೇಳಬೇಕು, ಪೂರ್ ಅನ್ನುವಾಗ ಕತ್ತು ಸ್ವಲ್ಪ ಓರೆ ಮಾಡಬೇಕು. ಪೂರ್ ಅಂದರೆ ಬಡವರು ಅಂತ ನಮಗೆ ಗೊತ್ತಿತ್ತು. ಗೊತ್ತಿದ್ದೇ ಹೇಳುತ್ತಿದ್ದೆವು. ಮಾನ ಮರ್ಯಾದೆ ಅಂತ ಏನೂ ಅನ್ನಿಸುತ್ತಿರಲಿಲ್ಲ, ಅದು ಬಾಗಿಲು ತೆಗೆಯುವ ಬೀಗದಕೈ ಅಷ್ಟೇ.

ನಮ್ಮ ಮನೆ ಬಡವರ ಮನೆಯೇನಲ್ಲ. ಕಾಲುವೆ ನೀರಿನ ಗದ್ದೆ ಇತ್ತು, ಕಬ್ಬು ಇತ್ತು, ಕರೆಯುವ ಎರಡು ಸೀಮೆಹಸು ಇದ್ದವು. ಹಿಂದಿನ ವರ್ಷವಷ್ಟೇ ಅಪ್ಪ ಮುಂದಿನ ಅಂಕಣಕ್ಕೆ ತಾರಸಿ ಹಾಕಿಸಿದ್ದ. ಆದರೆ ಮನೆಗೆ ದೊಡ್ಡ ಸಂಪತ್ತು ಅಂದರೆ ನನ್ನ ತಮ್ಮ, ತಿಪ್ಪ.

ಅವನ ಹೆಸರು ಶಾಲೆ ದಾಖಲೆಯಲ್ಲಿ ಬೇರೆ ಇದೆ. ನಮಗೆ ತಿಪ್ಪನೇ. ನನ್ನ ನಂತರ ಅವ್ವನಿಗೆ ಎರಡು ಗಂಡು ಹುಟ್ಟಿ, ಎರಡೂ ತಿಂಗಳು ತುಂಬುವ ಮೊದಲೇ ಹೋದವು. ಮೂರನೆಯವನು ಇವನು. ಹುಟ್ಟಿದ ಮೂರನೇ ದಿನ ಅಜ್ಜಿ ಇವನನ್ನು ಮೊರದಲ್ಲಿ ಮಲಗಿಸಿಕೊಂಡು ಹೋಗಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದಳು. ಹೇಳಿಕೊಟ್ಟ ಹಾಗೆ ಪಕ್ಕದ ಮನೆ ಅಮೀನಬ್ಬಿ ಅತ್ತ ಕಡೆಯಿಂದ ಬಂದು, ಏನೂ ಗೊತ್ತಿಲ್ಲದವಳ ಹಾಗೆ ಕೂಗಿದಳು.

"ಅರೆ! ತಿಪ್ಪೆ ಮೇಲೆ ಯಾರ್ದೋ ಬಚ್ಚಾ ಬಿದ್ದೈತಲ್ಲ! ಯಾರಿಗಾದ್ರೂ ಬೇಕಾ?"

"ನಮಗೂ ಬ್ಯಾಡ ಕಣವ್ವ, ಕರ್ರಗವ್ನೆ," ಅಂದಳು ಅಜ್ಜಿ, ಗಟ್ಟಿಯಾಗಿ, ಆಕಾಶಕ್ಕೆ ಕೇಳಿಸುವ ಹಾಗೆ. "ಓಗ್ಲಿ ಕೊಡು, ಒಂದ್ ಹಿಡಿ ತೌಡು ಕೊಡ್ತೀನಿ."

ಹಿಡಿ ತೌಡಿಗೆ ಕೊಂಡ ಮಗು ಅದು. ಯಮ ಬಂದು ನೋಡಿದರೆ, ಇದು ಯಾರಿಗೂ ಬೇಡದ ಸರಕು, ತಗೊಂಡು ಏನು ಮಾಡಲಿ ಅಂತ ವಾಪಸ್ ಹೋಗಬೇಕು. ಅದೇ ಲೆಕ್ಕಾಚಾರ. ಐದು ವರ್ಷ ತುಂಬುವ ತನಕ ತಲೆಗೂದಲು ಕತ್ತರಿಸುವ ಹಾಗಿಲ್ಲ, ಮೊಕಕ್ಕೆ ದಿನಾ ಮಸಿ ಬಳಿಯಬೇಕು. ಮೈಮೇಲೆ ಹೊಸ ಬಟ್ಟೆ ಬೀಳುವ ಹಾಗೇ ಇಲ್ಲ. ಹಾಕುವುದೆಲ್ಲ ಐದು ಮನೆಯಲ್ಲಿ ಬೇಡಿ ತಂದ ಹಳೇ ಬಟ್ಟೆಯೇ ಆಗಬೇಕು. ಅಂಗಿ ಅಮೀನಬ್ಬಿಯ ಮೊಮ್ಮಗ ಇಮ್ತಿಯಾಜನದು, ಚಡ್ಡಿ ಅಗಸರ ಕೆಂಪಮ್ಮನ ಮನೆಯದು, ತೇಪೆ ಹಾಕಿದ ತುಂಡು ಪೂಜಾರಿಯವರ ಮನೆಯ ಹಳೇ ಪಂಚೆಯದು. ಹೀಗೆ. ಅಜ್ಜಿ ವರ್ಷಕ್ಕೆ ಎರಡು ಸಲ ಆ ಮನೆಗಳ ಬಾಗಿಲಿಗೆ ಹೋಗಿ ಸೆರಗೊಡ್ಡಿ ನಿಲ್ಲುತ್ತಿದ್ದಳು. ಬೀದಿಯಲ್ಲಿ ಎದುರಿಗೆ ಯಾರಾದರೂ ಸಿಕ್ಕರೆ ದಾರಿ ಬಿಡದ ಹೆಂಗಸು ಅವಳು. ಅವಳೇ ಸೆರಗೊಡ್ಡುತ್ತಿದ್ದಳು. ಕೊಡುವವರೂ ಸುಮ್ಮನೆ ಕೊಡುತ್ತಿರಲಿಲ್ಲ, ಮಗುವಿನ ತಲೆ ಸವರಿ ಕೊಡುತ್ತಿದ್ದರು.

ಹಾಗಾಗಿ ಆ ಹರಕು ಬಟ್ಟೆ ನಮಗೆ ಹರಕು ಅಂತ ಕಾಣುತ್ತಲೇ ಇರಲಿಲ್ಲ.

ಆ ವರ್ಷ ಯುಗಾದಿ ಬಂತು. ತಿಪ್ಪನಿಗೆ ಐದು ತುಂಬಲು ಇನ್ನು ನಾಲ್ಕು ತಿಂಗಳಿತ್ತು. ತುಂಬಿದ ದಿನ ನಿಮಿಷಾಂಬ ಗುಡಿಯ ಹೊಳೆ ಮೆಟ್ಟಿಲ ಮೇಲೆ ಮುಡಿ ತೆಗೆಸಿ, ಮೊದಲ ಹೊಸ ಬಟ್ಟೆ ಹಾಕಿಸುವುದು ಅಂತ ಅಜ್ಜಿ ದಿನ ಎಣಿಸುತ್ತಿದ್ದಳು. ಅವ್ವ ನಾಗಮಂಗಲದ ತವರಿನಿಂದ ಬಂದ ಹಿತ್ತಾಳೆ ಕೊಳಗವನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಚಿನ್ನ ಮಾಡಿದ್ದಳು. ಒಬ್ಬಟ್ಟಿನ ಹೂರಣದ ಏಲಕ್ಕಿ ವಾಸನೆ ಬೀದಿ ತುದಿಗೆ ಬರುತ್ತಿತ್ತು. ನನಗೆ ನೀಲಿ ಫ್ರಾಕು, ಸೊಂಟಕ್ಕೆ ಹಿಂದೆ ಗಂಟು ಹಾಕುವ ಪಟ್ಟಿ ಇದ್ದದ್ದು. ಎಣ್ಣೆ ನೀರು ಹಾಕಿಸಿಕೊಂಡು, ಬೇವು ಬೆಲ್ಲ ನುಂಗಿ, ಅದನ್ನು ಮೆರೆಸಲು ಸೀದಾ ಗೇಟಿಗೆ ಓಡಿದೆ.

ಅಲ್ಲಿ ಬಾಡಿಗೆ ಸೈಕಲ್ಲು ಹಿಡಿದು ಒಬ್ಬಳು ಫಾರಿನ್ನವಳು ನಿಂತಿದ್ದಳು. ಒಬ್ಬಳೇ. ಕೊರಳಲ್ಲಿ ದೊಡ್ಡ ಕ್ಯಾಮರಾ. ಪ್ಯಾಂಟು ಎರಡೂ ಮಂಡಿಯ ಹತ್ತಿರ ಹರಿದು ನೂಲು ನೇತಾಡುತ್ತಿತ್ತು. ನಾನು ಮುಂದೆ ಹೋಗಿ ಫೋಟೊ ಅಂದೆ. ಅವಳು ನನ್ನ ಹೊಸ ಫ್ರಾಕು ನೋಡಿ ನಕ್ಕಳು, ನಕ್ಕು ನನ್ನನ್ನು ದಾಟಿ ಬರಿಮೈಯಲ್ಲಿದ್ದ ಗೇಟಿನ ಹುಡುಗರ ಕಡೆ ಕ್ಯಾಮರಾ ಎತ್ತಿದಳು. ಹನ್ನೊಂದು ವರ್ಷದವಳಿಗೆ ಎಷ್ಟು ಉರಿಯಬೇಕೋ ಅಷ್ಟು ಉರಿಯಿತು. ಅವಳ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನಮ್ಮ ಬೀದಿಯ ಕಡೆ ಎಳೆದೆ. ಮನೆ ನೋಡು, ಬಾ.

ಬಂದಳು. ಅವ್ವನಿಗೆ ಕೈಕಾಲು ಆಡದು. ಹಬ್ಬದ ದಿನ ಬಾಗಿಲಿಗೆ ಬಂದವಳು ಅತಿಥಿ. ಮಣೆ ಹಾಕಿದಳು, ಟಿವಿಯ ಕಸೂತಿ ಹೊದಿಕೆ ಸರಿ ಮಾಡಿದಳು, ನೀರು ಕೊಟ್ಟಳು. ಅವಳು ತನ್ನ ಬಾಟಲಿ ತೋರಿಸಿ ಕೈ ಮುಗಿದಳು.

ಅಜ್ಜಿ ಮಾತ್ರ ಕಂಬಕ್ಕೆ ಒರಗಿ ಅವಳ ಮಂಡಿಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಅವ್ವನಿಗೆ ಹೇಳಿದಳು.

"ಜಯಮ್ಮ, ನೋಡ್ದಾ? ಈ ಮಗೀನೂ ತಿಪ್ಪೇಲಿ ಸಿಕ್ಕಿದ್ದೇ ಕಣೆ."

"ಏನ್ ಅಂಗಂದ್ರೆ, ಅತ್ತೆ?"

"ಹಬ್ಬದ ದಿನ ಹರಕ್ ಬಟ್ಟೆ ಇಕ್ಕಂಡವ್ಳೆ. ತಲೆ ಬಾಚಿಲ್ಲ. ಸುಮ್ಕೆ ಯಾರ್ ಇಕ್ಕತಾರೆ? ಇವ್ಳ ಅವ್ವನ್ಗೂ ಮುಂಚಿನ ಮಕ್ಳು ಉಳೀಲಿಲ್ವೇನೋ. ಅವ್ರ ದೇಸದಲ್ಲಿ ಮದ್ವೆ ಆಗಾ ಗಂಟ ಹರಕೆ ಇರ್ಬೋದು, ಪಾಪ."

ಅಜ್ಜಿ ಹೇಳಿದ ಮೇಲೆ ಮುಗಿಯಿತು. ಅವಳಿಗೆ ಅಲ್ಲೇ 'ತಿಪ್ಪವ್ವ' ಅಂತ ಹೆಸರು ಬಿತ್ತು. ಅಜ್ಜಿ ಹತ್ತಿರ ಹೋಗಿ ಅವಳ ಹಳದಿ ತಲೆ ಸವರಿ, ನೆಟಿಗೆ ತೆಗೆದಳು. ಬಾಟಲಿ ನೀರಿನವಳು ಅಜ್ಜಿ ಬಾಯಿಗಿಟ್ಟ ಒಬ್ಬಟ್ಟನ್ನು ಬೇಡ ಅನ್ನಲಿಲ್ಲ, ಅದನ್ನೂ ಹೇಳಬೇಕು. ತಿಂದಳು. ಬೆರಳಿಗಂಟಿದ ತುಪ್ಪವನ್ನೂ ನೆಕ್ಕಿದಳು. ಕೆಟ್ಟವಳಲ್ಲ ಅವಳು.

ಅವ್ವ ಕೊಳಗದ ಪಕ್ಕ ನಿಂತಳು, ಹಸುವಿನ ಹಗ್ಗ ಹಿಡಿದು ನಿಂತಳು, ತಾರಸಿ ಕಾಣುವ ಹಾಗೆ ಅಂಗಳದಲ್ಲಿ ನಿಂತಳು. ಒಂದೊಂದಕ್ಕೂ ಕ್ಯಾಮರಾದವಳು ತಲೆ ಆಡಿಸಿ ಒಂದು ಫೋಟೊ ತೆಗೆದಳು. ಅಷ್ಟರಲ್ಲಿ ಹಿತ್ತಲಿನಿಂದ ತಿಪ್ಪ ಅಳುತ್ತಾ ಬಂದ. ಆಗಲೇ ನಾಲ್ಕು ಒಬ್ಬಟ್ಟು ಹೊಡೆದಿದ್ದ, ಐದನೆಯದು ಕೇಳಿದ್ದಕ್ಕೆ ಅವ್ವ ಗದರಿದ್ದಳು, ಹೊಟ್ಟೆ ಕೆಡುತ್ತೆ ಅಂತ. ಮಸಿ ಬಳಿದ ಕೆನ್ನೆ ಮೇಲೆ ಕಣ್ಣೀರಿನ ಎರಡು ಗೆರೆ, ಜಡೆಗಟ್ಟಿದ ಕೂದಲು, ಮೂಗಲ್ಲಿ ಸಿಂಬಳ, ಮೈಮೇಲೆ ಐದು ಮನೆ ಬಟ್ಟೆ.

ಅವಳು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಕ್ಯಾಮರಾ ಚಕ್ ಚಕ್ ಚಕ್ ಅನ್ನುತ್ತಲೇ ಇತ್ತು. ಹಸುವಿಗೆ ಒಂದು, ತಾರಸಿಗೆ ಒಂದು, ತಿಪ್ಪನಿಗೆ ಇಡೀ ಒಂದು ರೀಲು.

ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಫ್ರಾಕು ತೋರಿಸಿ, ಅವನ ಅಂಗಿ ತೋರಿಸಿ, ಹುಬ್ಬು ಏರಿಸಿ ಏನೋ ಕೇಳಿದಳು. ಯಾಕೆ ಹೀಗೆ ಅಂತ. ಭಾಷೆ ಬರದಿದ್ದರೂ ಪ್ರಶ್ನೆ ಸ್ಪಷ್ಟವಾಗಿ ಅರ್ಥವಾಯಿತು.

ಇಲ್ಲಿ ನಾನು ಹೇಳಬೇಕಾದ ಮಾತಿದೆ. ಏನೇನು ಹೇಳಬಹುದಿತ್ತು! ಸುಮ್ಮನೆ ಅವನನ್ನು ಎತ್ತಿಕೊಂಡು ಮುತ್ತು ಕೊಟ್ಟಿದ್ದರೂ ಸಾಕಿತ್ತು. ಆದರೆ ಅವಳ ಚೀಲದ ಜೇಬಿನಲ್ಲಿ ಒಂದು ಪೆನ್ನಿತ್ತು. ದಪ್ಪನೆಯದು, ತಲೆಯ ಮೇಲೆ ನಾಲ್ಕು ಬಣ್ಣದ ಗುಂಡಿ ಇದ್ದದ್ದು. ಬಂದಾಗಿನಿಂದ ನನ್ನ ಕಣ್ಣು ಅದರ ಮೇಲೇ ಇತ್ತು.

ನಾನು ಕತ್ತು ಓರೆ ಮಾಡಿ, ತಿಪ್ಪನನ್ನು ತೋರಿಸಿ, "ಪೂರ್" ಅಂದೆ.

ಅವಳ ಕಣ್ಣು ತುಂಬಿತು. ಪೆನ್ನು ನನ್ನ ಕೈಗೆ ಬಂತು. ಅವಳ ಪುಸ್ತಕದಲ್ಲಿ ನಮ್ಮ ವಿಳಾಸವನ್ನು ಶಾಲೆಯಲ್ಲಿ ಕಲಿತ ಎಬಿಸಿಡಿಯಲ್ಲಿ, ಅದೇ ಪೆನ್ನಿನ ಹಸಿರು ಬಣ್ಣದಲ್ಲಿ ಬರೆದುಕೊಟ್ಟೆ.

ಮಾರನೆಯ ದಿನ ವರ್ಸದ ತೊಡಕು. ಯುಗಾದಿಯ ಮರುದಿನ ನಮ್ಮ ಕಡೆ ಬಾಡಿನೂಟ ಅಂತ ಗೊತ್ತಲ್ಲ, ಬೀದಿಯಿಡೀ ಮಸಾಲೆ ರುಬ್ಬುವ ಸದ್ದು. ಮಧ್ಯಾಹ್ನ ಅವಳು ಮತ್ತೆ ಬಂದಳು. ಮೈಸೂರಿಗೆ ಹೋಗಿ ಕೆಂಪು ಅಂಗಿ ತಂದಿದ್ದಳು, ಹೊಚ್ಚ ಹೊಸದು. ನಾವು ಏನು ಎತ್ತ ಅನ್ನುವುದರೊಳಗೆ ತಿಪ್ಪನ ಹಳೇ ಅಂಗಿಯ ಗುಂಡಿ ಬಿಚ್ಚಲು ಕೈ ಹಾಕಿದಳು.

ಅಜ್ಜಿ ಅಡುಗೆಮನೆಯಿಂದ ಕಿರುಚಿಕೊಂಡು ಓಡಿಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಬುಡು! ಬುಡು ನನ್ ಕೂಸ! ಇನ್ ನಾಕೇ ತಿಂಗ್ಳವೆ ಕಣವ್ವ, ಕೊಲ್ಬ್ಯಾಡ!"

ಮಗುವನ್ನು ಕಿತ್ತುಕೊಂಡು ಒಳಗೆ ಹೋಗಿಬಿಟ್ಟಳು. ಅವಳು ಕೆಂಪಂಗಿ ಹಿಡಿದು ಅಂಗಳದಲ್ಲಿ ಬೆಪ್ಪಾಗಿ ನಿಂತಳು. ಅವ್ವ ಅವಳ ಕೈಯಿಂದ ಅಂಗಿ ಈಸಿಕೊಂಡು ಕಣ್ಣಿಗೊತ್ತಿಕೊಂಡಳು, ಬೇಜಾರು ಮಾಡ್ಕಬ್ಯಾಡಿ ಅಂತ ಕೈಸನ್ನೆ ಮಾಡಿದಳು. ಅವಳು ಸೈಕಲ್ಲು ಹತ್ತಿ ಹೊರಟಳು.

ಅಂಗಿಯನ್ನು ಏನು ಮಾಡುವುದು? ಬಿಸಾಡುವ ಹಾಗಿಲ್ಲ, ಅತಿಥಿ ಕೊಟ್ಟದ್ದು. ತಿಪ್ಪನಿಗೆ ಹಾಕುವ ಹಾಗಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ ಸಮಾಧಾನವಾಗಿ ಅದನ್ನು ಎತ್ತಿಕೊಂಡು ಬೇಲಿ ಹತ್ತಿರ ಹೋದಳು.

"ಅಮೀನಬ್ಬಿ, ಇದ್ನ ನಿನ್ ಮೊಮ್ಮಗಂಗೆ ಎಲ್ಡ್ ದಿನ ಇಕ್ಸವ್ವ. ಬೆವ್ರು ಅಂಟ್ಲಿ, ಮಣ್ಣಾಗ್ಲಿ. ಆಮ್ಯಾಕೆ ನಾನೇ ಬಂದು ನಿನ್ ಬಾಗ್ಲಲ್ಲಿ ಸೆರಗೊಡ್ತೀನಿ. ಹಳೇದು ಅಂತ ಕೊಡೀವಂತೆ."

ಅಮೀನಬ್ಬಿ ಸೊಂಟ ಹಿಡಿದು ನಕ್ಕಳು. "ಯಾ ಅಲ್ಲಾ! ಯಮನ್ಗೇ ಟೋಪಿ ಹಾಕ್ತೀಯಲ್ಲ ಅಜ್ಜಿ ನೀನು!"

"ಹಾಕ್ದೆ ಬುಡ್ತೀನಾ? ಅವ್ನು ನಂಗೆ ಎಲ್ಡ್ ಸಲ ಹಾಕವ್ನೆ."

ಅಮೀನಬ್ಬಿಯ ನಗು ಅಲ್ಲಿಗೇ ನಿಂತಿತು. ಅಂಗಿ ತಗೊಂಡು ಒಳಗೆ ಹೋದಳು. ಆ ಸಂಜೆಯೇ ಇಮ್ತಿಯಾಜ ಕೆಂಪಂಗಿ ತೊಟ್ಟು ಬೀದಿಯಲ್ಲಿ ಟೈರು ಹೊಡೆದುಕೊಂಡು ಓಡಿದ.

ಮೂರನೇ ದಿನ ಬೆಳಗ್ಗೆ ಅವಳು ಬೆನ್ನಿಗೆ ದೊಡ್ಡ ಚೀಲ ಹೊತ್ತು, ಹೋಗಿಬರುತ್ತೇನೆ ಅನ್ನಲು ಬಂದಳು. ಮೊದಲು ಕಂಡದ್ದು ಇಮ್ತಿಯಾಜ. ಕೆಂಪಂಗಿ, ತೋಳಿಗೆ ಆಗಲೇ ಮಾವಿನ ಸೊನೆ ಕಲೆ. ಅವನ ಪಕ್ಕದಲ್ಲೇ ತಿಪ್ಪ, ಅದೇ ಮಸಿ, ಅದೇ ತೇಪೆ, ಕೈಯಲ್ಲಿ ಮೂಳೆ ಹಿಡಿದು ಚೀಪುತ್ತಿದ್ದ.

ಅವಳು ನನ್ನನ್ನು ನೋಡಿದಳು. ಅವಳ ಮೊಕದಲ್ಲಿ ಮೊನ್ನೆ ಇದ್ದ ಮರುಕ ಇರಲಿಲ್ಲ. ಬೇರೆ ಏನೋ ಇತ್ತು, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಅಜ್ಜಿ ಒಳಗಿನಿಂದ "ತಿಪ್ಪವ್ವ ಬಂದವ್ಳೆ, ಉಂಡೋಗು ಬಾ ಮಗ" ಅಂತ ಕೂಗುತ್ತಾ ಬರುವ ಹೊತ್ತಿಗೆ ಅವಳ ಸೈಕಲ್ಲು ತಿರುವು ದಾಟಿತ್ತು. ನಾನು ಹಿಂದೆ ಓಡಿದೆ. ಸ್ವಲ್ಪ ದೂರ ಓಡಿ ನಿಂತೆ. ಹಿಡಿದರೂ ಏನು ಹೇಳುವುದು? ನನ್ನ ಬಳಿ ಇದ್ದ ಇಂಗ್ಲಿಷೆಲ್ಲ ಗೇಟಿನದು. ಅದರಲ್ಲಿ ಕೊಡು ಅನ್ನುವುದಕ್ಕೆ ಪದವಿತ್ತು, ಇಲ್ಲ ಅನ್ನುವುದಕ್ಕೆ ಪದವಿತ್ತು. ಇದೆ ಅನ್ನುವುದಕ್ಕೆ ಒಂದೂ ಇರಲಿಲ್ಲ.

ಆಮೇಲೆ ತಿಪ್ಪನಿಗೆ ಐದು ತುಂಬಿತು. ನಿಮಿಷಾಂಬ ಗುಡಿಯ ಮೆಟ್ಟಿಲಲ್ಲಿ ಮುಡಿ ಹೊಳೆಗೆ ಹೋಯಿತು. ಐದು ಮನೆಯವರೂ ಬಂದಿದ್ದರು. ಅಜ್ಜಿ ಅವತ್ತು ಅತ್ತಷ್ಟು ಬೇರೆ ಯಾವತ್ತೂ ಅತ್ತಿದ್ದನ್ನು ನಾನು ನೋಡಿಲ್ಲ.

ಅದಾಗಿ ಮುಂದಿನ ವರ್ಷ ಫಾರಿನ್ ಸ್ಟಾಂಪಿನ ಲಕೋಟೆ ಬಂತು. ಒಳಗೆ ನುಣುಪು ಕಾಗದದ ತೆಳ್ಳನೆ ಪುಸ್ತಕ. ಮೊದಲ ಹಾಳೆಯಲ್ಲೇ ಪುಟ ತುಂಬ ತಿಪ್ಪ. ಮಸಿ, ಕಣ್ಣೀರು, ತೇಪೆ. ಕೆಳಗೆ ಇಂಗ್ಲಿಷಿನ ಒಂದಷ್ಟು ಸಾಲು. ಬೀದಿಯೆಲ್ಲ ಸೇರಿತು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಕನ್ನಡವೂ. "ಏನ್ ಬರ್ದವ್ರೆ ಓದಮ್ಮಿ" ಅಂತ ನನ್ನ ಕೈಗೆ ಕೊಟ್ಟಳು. ಕೆಲವು ಪದ ಗೊತ್ತಿದ್ದವು, ಕೆಲವು ಇರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಶಾಲೆಯ ಡಿಕ್ಷನರಿ ಮನೆಗೆ ತಂದು ಹಿತ್ತಲ ಅಂಜೂರದ ಮರದ ಬುಡದಲ್ಲಿ ಕೂತು ಒಂದೊಂದೇ ಪದ ಹುಡುಕಿದೆ.

ಹಸಿವು. ಅದೇ ಮೊದಲ ಪದ. ಹಬ್ಬದ ದಿನವೂ ಹಸಿದು ಅಳುವ ಮಗು. ಇವನಿಗೆ ಕೊಟ್ಟ ಅಂಗಿಯನ್ನು ಮನೆಯವರೇ ಕಿತ್ತು ಬೇರೆಯವರಿಗೆ ದಾಟಿಸಿದರು. ಈ ದೇಶದಲ್ಲಿ ಕೆಲವು ಮಕ್ಕಳು ಯಾರಿಗೂ ಬೇಕಾಗಿಲ್ಲ.

ಕೊನೆಯ ಸಾಲು ನಾಲ್ಕು ಸಲ ಓದಿದೆ. ಯಾರಿಗೂ ಬೇಕಾಗಿಲ್ಲ. ಯಮ ನಂಬಲಿ ಅಂತ ಅಜ್ಜಿ ಕಟ್ಟಿದ ಸುಳ್ಳನ್ನು ಅವಳು ನಂಬಿಬಿಟ್ಟಿದ್ದಳು. ಅದಕ್ಕೆ ಮೊದಲ ಮೊಳೆ ಹೊಡೆದವಳು ನಾನು, ಒಂದು ಪೆನ್ನಿನ ಆಸೆಗೆ.

ಒಳಗೆ ಹೋದೆ. ಅವ್ವ, ಅಜ್ಜಿ, ಅಮೀನಬ್ಬಿ ಮೂವರೂ ಕಾಯುತ್ತಾ ಕೂತಿದ್ದರು.

"ಇಂಥ ಮುದ್ದು ಮಗೀನ ಇನ್ನೆಲ್ಲೂ ನೋಡ್ಲಿಲ್ಲ ಅಂತ ಬರ್ದವ್ರೆ ಅವ್ವ. ಈ ಮನೆಯೋರು ಉಣ್ಣಕ್ಕಿಕ್ಕಿದ್ದ ಮರ್ಯಕ್ಕಾಗಲ್ಲ ಅಂತ."

"ನಾ ಏಳ್ಲಿಲ್ವಾ?" ಅಂದಳು ಅಜ್ಜಿ. "ಹರಕೆ ಮಗು ಅದು. ಅದ್ಕೇ ನಮ್ ನೋವು ತಿಳೀತು."

ಅವ್ವ ಆ ಹಾಳೆಗೆ ಕಟ್ಟು ಹಾಕಿಸಿದಳು. ದೇವರ ಪಟಗಳ ಪಕ್ಕದಲ್ಲೇ ಗೋಡೆಗೆ ಏರಿತು, ಅಕ್ಷರಗಳ ಸಮೇತ. ಬಂದವರಿಗೆಲ್ಲ ತೋರಿಸುತ್ತಿದ್ದಳು. ಫಾರಿನ್ ಪುಸ್ತಕದಲ್ಲಿ ನನ್ ಮಗ. ಬಂದವರಲ್ಲಿ ಯಾರಾದರೂ ಪ್ಯಾಂಟು ಹಾಕಿ ಕನ್ನಡಕ ಇಟ್ಟವರಿದ್ದರೆ, ಓದಿಬಿಡುತ್ತಾರೇನೋ ಅಂತ ಏನಾದರೂ ನೆಪ ಹೇಳಿ ಹೊರಗೆ ಕರೆಯುತ್ತಿದ್ದೆ. ನಾಲ್ಕು ಬಣ್ಣದ ಪೆನ್ನನ್ನು ಹೊಳೆಗೆ ಎಸೆದೆ ಅಂತ ಬರೆದರೆ ಚೆನ್ನಾಗಿರುತ್ತದೆ. ಎಸೆಯಲಿಲ್ಲ. ಇಂಕು ಮುಗಿಯುವ ತನಕ ಬರೆದೆ.

ಓದಿದವನು ಕೊನೆಗೆ ತಿಪ್ಪನೇ. ಹೈಸ್ಕೂಲಿಗೆ ಸೇರಿದ ವರ್ಷ. ನಾನು ಒಳಗೆ ಬಂದಾಗ ಕುರ್ಚಿ ಮೇಲೆ ನಿಂತು, ಗಾಜಿಗೆ ಮೂಗು ತಾಗಿಸಿ ಓದುತ್ತಿದ್ದ. ಓದಿ ಮುಗಿಸಿ ತಿರುಗಿದ.

"ಅಕ್ಕ, ಅವತ್ತು ನೀ ಓದಿದ್ದು ಇದ್ನೇನೆ?"

ನಾನು ತಲೆ ಆಡಿಸಿದೆ.

"ಅವ್ವಂಗೆ ಗೊತ್ತಾ?"

"ಇಲ್ಲ."

ಅವನು ಕಟ್ಟು ಇಳಿಸಿದ. ಹಿಂದಿನ ರಟ್ಟು ಬಿಚ್ಚಿ, ಬ್ಲೇಡಿನಿಂದ ಅಕ್ಷರದ ಸಾಲುಗಳನ್ನಷ್ಟೇ ನೀಟಾಗಿ ಕತ್ತರಿಸಿ ತೆಗೆದ. ಮತ್ತೆ ಗೋಡೆಗೆ ಹಾಕಿದ. ಸಂಜೆ ಅವ್ವ ನೋಡಿ ಯಾಕ್ಲಾ ಕೆಳ್ಗೆ ಖಾಲಿ ಅಂದಳು.

"ಗೆದ್ಲು ತಿಂದಿತ್ತು ಕಣವ್ವ. ಕುಯ್ದಾಕ್ದೆ."

ಅವ್ವ ಅವನ ಮೊಕ ನೋಡಿದಳು, ನನ್ನ ಮೊಕ ನೋಡಿದಳು. "ತಿನ್ಲಿ ಬುಡು," ಅಂದಳು. "ಮೊಕ ಉಳ್ಕಂಡದಲ್ಲ."

ಅವಳಿಗೆ ಗೊತ್ತಿತ್ತಾ? ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಅಜ್ಜಿ ಸಾಯುವ ವರ್ಷದ ತನಕ ಯುಗಾದಿ ಒಬ್ಬಟ್ಟು ತಟ್ಟುವಾಗ, "ಆ ತಿಪ್ಪವ್ವನ್ ಹರಕೆ ತೀರ್ತೋ ಇಲ್ವೋ" ಅನ್ನುತ್ತಿದ್ದಳು. ಅಮೀನಬ್ಬಿ ಇಲ್ಲ. ರಸ್ತೆ ಅಗಲ ಮಾಡುವಾಗ ಅವರ ಮನೆ ಹೋಯಿತು, ಇಮ್ತಿಯಾಜ ಎಲ್ಲಿದ್ದಾನೋ. ಕೆಂಪಮ್ಮನ ಮನೆಗೆ ಬೀಗ. ಹೋದ ವರ್ಷ ತಿಪ್ಪನಿಗೆ ಮಗಳು ಹುಟ್ಟಿದಳು. ಬಟ್ಟೆಗಳು ರಟ್ಟಿನ ಡಬ್ಬದಲ್ಲಿ ಬಂದವು, ಎಲ್ಲ ಹೊಸವೇ. ಒಳ್ಳೆಯದೇ ಬಿಡಿ, ತಿಪ್ಪೆಯಲ್ಲಿ ಮಲಗಿಸಿ ಅಂತ ನಾನು ಹೇಳುತ್ತಿಲ್ಲ. ಮಗು ಉಳಿಯುವುದು ಆಸ್ಪತ್ರೆಯಿಂದ, ಮಸಿಯಿಂದಲ್ಲ. ಆದರೆ ಅಕಸ್ಮಾತ್ ಬೇಕಾದರೆ ಅಂತ ಬೀದಿಯ ಈ ತುದಿಯಿಂದ ಆ ತುದಿಗೆ ಮನಸ್ಸಿನಲ್ಲೇ ನಡೆದು ನೋಡಿದೆ. ಯಾರ ಬಾಗಿಲಲ್ಲಿ ಸೆರಗೊಡ್ಡಬಹುದು? ಎರಡು ಮನೆ ಸಿಕ್ಕಿದವು. ಐದು ಆಗಲಿಲ್ಲ. ನಾವು ಬಡವರಾದದ್ದು ಈಗ.

ತಿಪ್ಪ ಇದನ್ನು ಓದುತ್ತಾನೆ, ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾನೆ. ಸಾಲು ಕತ್ತರಿಸಿದವನಿಗೆ ಆ ಸಾಲು ಶುರುವಾದದ್ದೇ ಅಕ್ಕನ ಬಾಯಿಂದ ಹೋದ 'ಪೂರ್' ಅನ್ನುವ ಪದದಿಂದ ಅಂತ ಗೊತ್ತಿರಲಿಲ್ಲ. ಈಗ ಗೊತ್ತಾಯಿತು ಕಣೋ. ಬೈದುಬಿಡು.

ನಿಮ್ಮಲ್ಲೂ ತಿಪ್ಪ, ತಿಪ್ಪಮ್ಮ, ಗುಂಡ, ಕಲ್ಲ ಅಂತ ಹೆಸರಿಟ್ಟು ಉಳಿಸಿಕೊಂಡ ಮಕ್ಕಳಿದ್ದರೆ, ಅಥವಾ ನೀವೇ ಆ ಮಗುವಾಗಿದ್ದರೆ, ಕೆಳಗೆ ಬರೆಯಿರಿ. ಫೋಟೊ ಇದ್ದರೂ ಇಲ್ಲದಿದ್ದರೂ ಪರವಾಗಿಲ್ಲ. ನಿಮ್ಮ ಅಂಗಿ ಯಾವ ಯಾವ ಮನೆಯಿಂದ ಬಂತು, ಆ ಮನೆಯವರ ಹೆಸರು ಹಾಕಿ. ಆ ಅಂಗಿಯ ಫೋಟೊದ ಕೆಳಗೆ ಯಾರೋ ಏನೋ ಬರೆದು ಹೋದರು. ಅಲ್ಲಿ ಇರಬೇಕಾಗಿದ್ದದ್ದು ಆ ಹೆಸರುಗಳು.